ಬೆಲ್ಲದ ಎದುರು ನನ್ನ ತೂಕ

ನನ್ನ ತೂಕ ಎಷ್ಟು ಅಂತ ಯಾರಾದರೂ ಕೇಳಿದರೆ ನಾನು ಕೂಡಲೇ ಬಿಸಿಲಿನ ಮಾತು ತೆಗೆಯುತ್ತೇನೆ. ದವಾಖಾನೆಯಲ್ಲಿ ಆ ಆಟ ನಡೆಯುವುದಿಲ್ಲ. ಅಲ್ಲಿ ತೂಕದ ಮಷೀನಿನ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಉಸಿರು ಹಿಡಿದರೆ ತೂಕ ಇಳಿಯದು ಅಂತ ಜೇವರ್ಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಹಿಡಿಯುತ್ತೇನೆ.

ಹಾಗೆ ನೋಡಿದರೆ ಭೌತಶಾಸ್ತ್ರಕ್ಕೆ ನನ್ನಂಥವರ ಮೇಲೆ ಕರುಣೆ ಇದೆ. ಮಷೀನು ತಾನು ನಮ್ಮನ್ನು ಎಷ್ಟು ಜೋರಾಗಿ ಮೇಲಕ್ಕೆ ಒತ್ತುತ್ತಿದೆ ಅನ್ನುವುದನ್ನಷ್ಟೇ ಹೇಳುತ್ತದೆ. ಅದಕ್ಕೆ ತೋರಿಕೆಯ ತೂಕ ಅಂತ ಹೆಸರು. ಲಿಫ್ಟು ಕೆಳಕ್ಕೆ ಹೊರಟ ಗಳಿಗೆ ನಾವು ಹಗುರ, ಮೇಲಕ್ಕೆ ಹೊರಟ ಗಳಿಗೆ ಭಾರ. ನಮ್ಮ ಕಾಲೇಜಿಗೆ ಲಿಫ್ಟಿಲ್ಲ, ಹಾಗಾಗಿ ನಾನು ಚೌಡಾಪುರದ ಕಡೆ ಹೋಗುವ ಬಸ್ಸಿನ ಉದಾಹರಣೆ ಕೊಡುತ್ತೇನೆ. ತಗ್ಗು ಬಂದಾಗ ಹಿಂದಿನ ಸೀಟಿನವರು ಒಂದು ಕ್ಷಣ ತೂಕವೇ ಇಲ್ಲದ ದೇವತೆಗಳಾಗುತ್ತಾರೆ. ಮತ್ತೆ ಸೀಟಿಗೆ ಬಿದ್ದಾಗ ಅವರು ಡ್ರೈವರನಿಗೆ ಅನ್ನುವ ಮಾತು ಮಾತ್ರ ದೇವತೆಗಳದ್ದಲ್ಲ.

ಇಷ್ಟೆಲ್ಲ ತಿಳಿದವಳು ಹೋದ ಶ್ರಾವಣದಲ್ಲಿ ಸರಿಯಾಗಿ ಸಿಕ್ಕಿಬಿದ್ದೆ. ನಾನು ಟೈಫಾಯ್ಡಿನಿಂದ ಹಾಸಿಗೆ ಹಿಡಿದಾಗ ನಮ್ಮ ಅತ್ತಿ, ಅಂದರೆ ಗಂಡನ ತಾಯಿ, "ಸೊಸಿ ಎದ್ದು ಓಡಾಡಿದರ ಆಕಿ ತೂಕದಷ್ಟು ಬೆಲ್ಲ ಕೊಡ್ತೇನಿ" ಅಂತ ಊರ ಮಠಕ್ಕೆ ಹರಕೆ ಹೊತ್ತಿದ್ದರು. ನಾನು ಎದ್ದು ಓಡಾಡಿದೆ. ಇನ್ನು ಇಡೀ ಓಣಿಯ ಎದುರು ಮಠದ ತಕ್ಕಡಿಯಲ್ಲಿ ಕೂಡಬೇಕು. ಇಷ್ಟು ವರ್ಷ ಮುಚ್ಚಿಟ್ಟದ್ದು ಒಂದೊಂದೇ ಪೆಂಟಿ, ಅಂದರೆ ಉಂಡೆ, ಬೆಲ್ಲವಾಗಿ ಎಲ್ಲರ ಕಣ್ಣಿಗೆ ಬೀಳುತ್ತದೆ.

"ಬ್ಯಾಡ್ರಿ ಅತ್ತಿ, ಅಂದಾಜಿಲೆ ಕೊಟ್ಟುಬಿಡೂಣು" ಅಂದೆ.

"ದೇವರ ಕೂಡ ಅಂದಾಜು ನಡೀತದೇನ ಬೇ?" ಅಂದರು.

ಕೂತೆ. ನನ್ನ ತಟ್ಟೆ ಧಪ್ಪೆಂದು ನೆಲ ಮುಟ್ಟಿತು. ಎದುರಿನ ತಟ್ಟೆಗೆ ನನ್ನ ಗಂಡ ಬೆಲ್ಲದ ಪೆಂಟಿ ಏರಿಸತೊಡಗಿದರು. ಪೆಂಟಿ ಏರಿದಂತೆ ಓಣಿಯ ಹೆಂಗಸರ ಹುಬ್ಬೂ ಏರಿದವು. ನಾನು ಮೆಲ್ಲಗೆ ಸೀರೆಯ ನೆರಿಗೆಯ ಮರೆಯಲ್ಲಿ ಒಂದು ಕಾಲು ಇಳಿಬಿಟ್ಟು ನೆಲಕ್ಕೆ ಊರಿದೆ. ನನ್ನ ಭಾರವನ್ನು ನೆಲ ಒಂದಿಷ್ಟು ಹೊತ್ತರೆ ತಟ್ಟೆಯ ಮೇಲೆ ಅಷ್ಟು ಕಡಿಮೆ. ಶುದ್ಧ ವಿಜ್ಞಾನ.

ಆದರೂ ತಟ್ಟೆ ಏಳಲೊಲ್ಲದು. ತಿರುಗಿ ನೋಡುತ್ತೇನೆ, ಬೆನ್ನ ಹಿಂದೆ ಅತ್ತಿ. ಸೆರಗಿನ ಮರೆಯಲ್ಲಿ ಕೈಯಿಟ್ಟು ನನ್ನ ತಟ್ಟೆಯನ್ನು ಕೆಳಕ್ಕೆ ಒತ್ತಿ ಹಿಡಿದಿದ್ದಾರೆ.

"ಅತ್ತಿ, ಕೈ ತಗೀರಿ. ಮಂದಿ ನೋಡಾಕತ್ತಾರ" ಅಂತ ಪಿಸುಗುಟ್ಟಿದೆ.

"ನೋಡ್ಲಿ. ನಾ ಬೇಡಿಕೊಂಡಾಗ ನೀ ಮೈಕೈ ತುಂಬಿಕೊಂಡಿದ್ದಿ. ಜ್ವರ ನಿನ್ನ ಅರ್ಧ ತಿಂದದ. ನನಗ ಅಷ್ಟೂ ಸೊಸಿ ವಾಪಸ್ ಬೇಕು."

ನೆಲದ ಮೇಲಿನ ಕಾಲನ್ನು ಎಳೆದುಕೊಂಡು, ತಟ್ಟೆಯ ತುಂಬ ಚಕ್ಕಳಮಕ್ಕಳ ಹಾಕಿ ಕೂತು, ಓಣಿಗೆಲ್ಲ ಕೇಳುವಂತೆ ಗಂಡನಿಗೆ ಹೇಳಿದೆ:

"ರೀ, ಇನ್ನೊಂದು ಪೆಂಟಿ ಇಡ್ರಿ."