ತೊಳೆದಿಟ್ಟ ತಟ್ಟೆ

ಇಂಕೊರೊನಾತ ಎಂದರೆ ಕಿರೀಟ ತೊಟ್ಟವಳು ಎಂದರ್ಥ. ಪಿಯೆತ್ರಮಾರಾ ಊರಿನ ನಮ್ಮ ಓಣಿಯಲ್ಲಿ ಆ ಹೆಸರಿನವಳ ತಲೆಯ ಮೇಲೆ ನಾವು ಕಂಡದ್ದು ಮೊದಲು ಶಾಲೆಯ ಅಡುಗೆಮನೆಯ ಬಿಳಿ ಟೋಪಿ, ಗಂಡ ಸತ್ತ ಮೇಲೆ ಕಪ್ಪು ವಸ್ತ್ರ. ಊರಿನ ಅರ್ಧ ಜನ ಆಕೆಯ ಕೈಯ ಪಾಸ್ತಾ ತಿಂದು ಲೆಕ್ಕ ಕಲಿತವರು. ಉಳಿದರ್ಧ ಜನಕ್ಕೆ ಲೆಕ್ಕ ಹತ್ತಲಿಲ್ಲ, ಪಾಸ್ತಾ ಹತ್ತಿತು.

ಗಂಡ ಪೊತೀತೊ ಫೊಜ್ಜಾ ಪಟ್ಟಣಕ್ಕೆ ಹೋಗುವ ಬಸ್ಸು ಓಡಿಸುತ್ತಿದ್ದ. ರಸ್ತೆಯ ಮೇಲೆ ಅವನಷ್ಟು ಅಚ್ಚುಕಟ್ಟಾದ ಚಾಲಕ ಇನ್ನೊಬ್ಬನಿರಲಿಲ್ಲ. ಮನೆಯಲ್ಲಿ ಮಾತ್ರ ಅವನು ಪ್ರಯಾಣಿಕ. ಹತ್ತುವುದು, ಕೂರುವುದು, ತನ್ನ ನಿಲ್ದಾಣ ಬಂದಾಗ ಇಳಿದು ಹೋಗುವುದು. ಉಂಡ ತಟ್ಟೆ ಸೀಟಿನ ಮೇಲೆ ಬಿಟ್ಟ ಪತ್ರಿಕೆಯ ಹಾಗೆ ಅಲ್ಲೇ ಇರುತ್ತಿತ್ತು.

ಅವನ ಕೊನೆಯ ದಿನವೂ ಹಾಗೇ ಆಯಿತು. ಆಗಸ್ಟ್ ತಿಂಗಳು, ಓಣಿಯ ಎಲ್ಲ ಹೆಂಗಸರೂ ವರ್ಷಕ್ಕಾಗುವಷ್ಟು ಟೊಮೇಟೊ ಸಾಸ್ ಬೇಯಿಸಿ ಬಾಟಲಿಗೆ ತುಂಬುವ ಕಾಲ. ಇಂಕೊರೊನಾತಳ ಕೈ ಮೊಣಕೈವರೆಗೂ ಕೆಂಪು. ಪೊತೀತೊ ಉಂಡು, ತಟ್ಟೆ ದೂಡಿ, ಇಸ್ಪೀಟಿಗೆಂದು ಟೋಪಿ ತೆಗೆದುಕೊಂಡ.

“ನಿನ್ನ ತಟ್ಟೆ ಒಂದು ದಿನ ನೀನೇ ತೊಳ್ಕೊಂಡ್ರೆ ಕೈ ಕರಗಿ ಹೋಗಲ್ಲ,” ಎಂದಳು.

ಅವನು ತಿರುಗಿ ನೋಡಿದ, ಟೋಪಿ ತಲೆಗಿಟ್ಟು ಹೋದ. ಚೌಕದ ಕಾಫಿ ಬಾರಿನಲ್ಲಿ ಆಟದ ನಡುವೆ ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ಅವನ ಕೈಯಲ್ಲಿದ್ದದ್ದು ಗೆಲ್ಲುವ ಎಲೆಗಳು ಎಂದು ಜೊತೆಗಾರರು ಇಂದಿಗೂ ಹೇಳುತ್ತಾರೆ. ಸತ್ತವನ ಎಲೆಗಳನ್ನು ಇಣುಕಿ ನೋಡಿದ್ದು ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆ ತಟ್ಟೆ ಮೇಜಿನ ಮೇಲೆಯೇ ಇತ್ತು. ಅಳುವವರ ಗಲಾಟೆಯಲ್ಲಿ ಎದುರು ಮನೆಯ ನುಂತ್ಸಿಯಾ, ಉಪಕಾರವಾಗಲಿ ಎಂದು, ಅದನ್ನು ತೊಳೆದಿಟ್ಟಳು. ಇಂಕೊರೊನಾತ ಅವಳೊಂದಿಗೆ ಮರುವರ್ಷದ ಈಸ್ಟರ್ ಹಬ್ಬದವರೆಗೂ ಮಾತಾಡಲಿಲ್ಲ. ನಮ್ಮಲ್ಲಿ ಹೆಂಗಸರು ಒಬ್ಬರನ್ನೊಬ್ಬರು ‘ಕೊಮ್ಮಾ’ ಎಂದು ಕರೆಯುವುದು ರೂಢಿ. ಕೊಮ್ಮಾ ಎಂದು ಶುರುವಾದ ಮಾತಿಗೆ ಪೂರ್ಣವಿರಾಮ ಸಿಗುವುದು ಕಷ್ಟ. ಅಂಥ ಓಣಿಯಲ್ಲಿ ಈಸ್ಟರ್‌ವರೆಗಿನ ಮೌನವೆಂದರೆ ಸಾಮಾನ್ಯವಲ್ಲ.

ಅಲ್ಲಿಂದ ಪ್ರತಿ ನವೆಂಬರಿನ ಮೊದಲ ದಿನ ಅವಳು ಗಂಡನಿಗಾಗಿ ಕಾಯತೊಡಗಿದಳು. ಆ ಸಂಜೆ ಇಲ್ಲಿ ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುತ್ತಾರೆ. ಒಗೆದ ಮೇಜುವಸ್ತ್ರ, ರೊಟ್ಟಿ, ಕಹಿಸೊಪ್ಪು ಹಾಕಿದ ಒಣ ಅವರೆಯ ಮುದ್ದೆ, ದಾಳಿಂಬೆ ಉದುರಿಸಿದ ಬೇಯಿಸಿದ ಗೋಧಿ, ನೀರು, ಒಂದು ಲೋಟ ವೈನು. ದೀಪ ಹಚ್ಚಿ, ಬಾಗಿಲು ತೆರೆದಿಟ್ಟು, ಮನೆಯವರು ಬೇರೆ ಕಡೆ ಮಲಗಬೇಕು. ಸತ್ತವರು ಸಂಕೋಚದವರು, ಬದುಕಿರುವವರ ಎದುರು ಉಣ್ಣುವುದಿಲ್ಲ. ಬೆಳಿಗ್ಗೆ ಎಲ್ಲ ಇಟ್ಟ ಹಾಗೇ ಇರುತ್ತದೆ. ವಾಸನೆ ತೆಗೆದುಕೊಂಡು ಹೋದರು ಎಂದು ನಾವು ಅದನ್ನು ಬಿಸಿಮಾಡಿ ಉಣ್ಣುತ್ತೇವೆ. ಯಾರೂ ಬೇಸರಪಡುವುದಿಲ್ಲ.

ಇಂಕೊರೊನಾತ ಬೇಸರಪಟ್ಟಳು. ಅವಳು ಎರಡು ತಟ್ಟೆ ಇಡುತ್ತಿದ್ದಳು. ನೀಲಿ ಅಂಚಿನದು ಕಿಟಕಿಯ ಪಕ್ಕ ಪೊತೀತೊನಿಗೆ, ಬಿಳಿಯದು ಅವನ ತಾಯಿಗೆ. ಗಂಡನಿಗೆ ರಕ್ತದೊತ್ತಡವಿತ್ತೆಂದು ಎಡೆಗೂ ಉಪ್ಪು ಕಮ್ಮಿ. ಸತ್ತವನಿಗೆ ಇನ್ನೆಂಥ ಒತ್ತಡ ಎಂದು ನುಂತ್ಸಿಯಾ ಕೇಳಿದರೆ, ಡಾಕ್ಟರು ನಿಲ್ಲಿಸು ಎಂದು ಹೇಳಿಲ್ಲವಲ್ಲ ಎನ್ನುತ್ತಿದ್ದಳು. ನಾಲ್ಕು ವರ್ಷ ಆ ತಟ್ಟೆ ಮುಟ್ಟಿದ ಗುರುತಿಲ್ಲ. “ಇನ್ನೂ ಸಿಟ್ಟು ಇಳಿದಿಲ್ಲ,” ಎಂದು ಬೆಳಿಗ್ಗೆ ಪಕ್ಕದ ಮನೆಯ ನನ್ನ ಹತ್ತಿರ ಹೇಳುವಳು. ಅವಳ ಬಾಯಿಂದ ಗಂಡ ಕೇಳಿದ ಕೊನೆಯ ಮಾತು ತಟ್ಟೆಯದು. ಅದನ್ನು ಅವನು ಮನ್ನಿಸಿದನೇ ಇಲ್ಲವೇ ಎಂಬುದೊಂದೇ ಅವಳಿಗೆ ತಿಳಿಯಬೇಕಿತ್ತು.

ಐದನೆಯ ವರ್ಷದ ಬೆಳಿಗ್ಗೆ ಎರಡು ತಟ್ಟೆಗಳೂ ಖಾಲಿ. ಖಾಲಿಯಷ್ಟೇ ಅಲ್ಲ, ತೊಳೆದು, ಸಿಂಕಿನ ಪಕ್ಕ ಕವುಚಿಟ್ಟಿದ್ದವು. ಕೈವಸ್ತ್ರ ಮಡಿಸಿತ್ತು.

ಬಾಗಿಲು ತಟ್ಟದೆ ಬಂದು ತಟ್ಟೆ ತೊಳೆದು ಹೋದವರು ಯಾರು? ಓಣಿಯಿಡೀ ಕುರ್ಚಿ ಹೊರಗೆ ಹಾಕಿಕೊಂಡು ಚರ್ಚೆಗೆ ಕೂತಿತು. ನುಂತ್ಸಿಯಾಳ ತೀರ್ಮಾನ ಮೊದಲು ಬಂತು.

“ಕೊಮ್ಮಾ, ನೀನು ನಲವತ್ತು ವರ್ಷ ಬಾಯಿ ಬಡ್ಕೊಂಡ್ರೂ ಕಲೀದೇ ಇದ್ದದ್ದನ್ನ ಅಲ್ಲಿ ನಾಲ್ಕೇ ವರ್ಷದಲ್ಲಿ ಕಲಿಸಿದ್ದಾರೆ. ಯಾರೋ ಒಳ್ಳೆ ಹೆಂಗಸು ಸಿಕ್ಕಿರಬೇಕು.”

ತಾಯಿಯೇ ಮಗನ ತಟ್ಟೆಯನ್ನೂ ತೊಳೆದಿರಬಹುದಲ್ಲ ಎಂದು ನಾನೆಂದೆ. ಇಂಕೊರೊನಾತ ಒಪ್ಪಲಿಲ್ಲ. ಅತ್ತೆ ಸಿಂಕಿನವರೆಗೆ ಬಂದಿದ್ದರೆ ಬಾಣಲೆಯ ತಳ ಕಪ್ಪಗಿದೆ ಎಂದು ಅದನ್ನೂ ಉಜ್ಜಿ, ಕಣ್ಣಿಗೆ ಕಾಣುವ ಹಾಗೆ ಇಟ್ಟು ಹೋಗುತ್ತಿದ್ದರಂತೆ. ಕೊನೆಗೆ ಪಾದ್ರಿ ದೋನ್ ಸವೇರಿಯೊ ಅವರನ್ನು ಕೇಳಿದ್ದಾಯಿತು. ಆತ್ಮಗಳು ಪಾಪ ಕಳೆದುಕೊಳ್ಳಲು ಶುದ್ಧೀಕರಣ ಸ್ಥಳದಲ್ಲಿ ಇರುವುದೇನೋ ನಿಜ, ಆ ಶುದ್ಧೀಕರಣದಲ್ಲಿ ಪಾತ್ರೆಗಳೂ ಸೇರುತ್ತವೆಯೇ ಎಂಬುದು ತಮಗೆ ಗೊತ್ತಿಲ್ಲ ಎಂದರು. ಸಂಜೆ ಮತ್ತೆ ಬಂದು, ಸೇರಿದರೂ ತಪ್ಪಿಲ್ಲ ಎಂದು ಹೇಳಿ ಹೋದರು.

ಆ ಚಳಿಗಾಲ ಇಂಕೊರೊನಾತ ತಲೆಗೆ ಕಪ್ಪಿನ ಬದಲು ಬೂದು ಬಣ್ಣದ ವಸ್ತ್ರ ಕಟ್ಟತೊಡಗಿದಳು. ಒಮ್ಮೆ ಬಟ್ಟೆ ಒಣಹಾಕುತ್ತಾ, ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ, “ಮನ್ನಿಸಿದ,” ಎಂದಳು. ನಾನು ಹೌದೆಂದೆ. ಏನೆಂದು ಗೊತ್ತಿದ್ದು ಹೌದೆಂದೆನೋ ನನಗೇ ಗೊತ್ತಿಲ್ಲ.

ಫೆಬ್ರವರಿಯಲ್ಲಿ ಉದ್ದನೆಯ, ಕೆಂಪು ಮೂಗಿನ ಗಂಡಹೆಂಡಿರಿಬ್ಬರು ಅವಳ ಬಾಗಿಲಿನ ಪರದೆ ಸರಿಸಿ, ನಕ್ಕು, ಒಳಗೆ ಬಂದು ಮೇಜಿಗೆ ಕೂತರು. ಪೊತೀತೊನ ಅಣ್ಣ ಎಷ್ಟೋ ವರ್ಷದ ಹಿಂದೆ ಬೆಲ್ಜಿಯಂ ಗಣಿಗಳಿಗೆ ಹೋದವನು. ಅವನ ಮೊಮ್ಮಕ್ಕಳು ಯಾವತ್ತಾದರೂ ಬರುತ್ತಾರೆಂದು ನಮ್ಮಲ್ಲಿ ಎಲ್ಲ ಮನೆಗಳಂತೆ ಆ ಮನೆಯಲ್ಲೂ ನಂಬಿಕೆ. ಇಂಕೊರೊನಾತ ಅವರೇ ಬಂದರೆಂದು ಇಬ್ಬರ ಕೆನ್ನೆಗೂ ಮುತ್ತಿಟ್ಟು, ನಿಮ್ಮಜ್ಜನದೇ ಮೂಗು ಎಂದು ಅತ್ತು, ಇದ್ದ ಅವರೆ ಬಡಿಸಿದಳು. ಮದುವೆಯ ಫೋಟೋಗಳನ್ನು ತೋರಿಸಿದಳು. ಅವರು ಎಲ್ಲವನ್ನೂ ಮೆಚ್ಚಿದರು. ಒಂದು ಶಬ್ದವೂ ಅರ್ಥವಾಗದವರು ಮೆಚ್ಚಿದಷ್ಟು ಚೆನ್ನಾಗಿ ನೆಂಟರು ಮೆಚ್ಚುವುದಿಲ್ಲ. ಆದರೂ ಅವಳಿಗೆ ಸಂಶಯ ಬರಲಿಲ್ಲ.

ಊಟ ಮುಗಿದದ್ದೇ ಆ ಗಂಡಸು ಎದ್ದು, ತನ್ನ ತಟ್ಟೆ ತಾನೇ ತೊಳೆದು ಕವುಚಿಟ್ಟ. ಆಗ ಅವಳು ಕಿಟಕಿಗೆ ಬಂದು ನನ್ನನ್ನು ಕೂಗಿದಳು.

“ಬೇಗ ಬಾ ಕೊಮ್ಮಾ. ಇವರು ನಮ್ಮವರಲ್ಲ.”

ಓಣಿಯಲ್ಲಿ ಇಂಗ್ಲಿಷ್ ಗೊತ್ತಿರುವವಳು ನಾನೊಬ್ಬಳೇ. ಸಿಸ್ಟರುಗಳ ಶಾಲೆಯಲ್ಲಿ ಕಲಿತದ್ದು, ಪ್ರಾರ್ಥಿಸಲಿಕ್ಕೂ ಕ್ಷಮೆ ಕೇಳಲಿಕ್ಕೂ ಸಾಕಾಗುವಷ್ಟು. ಎರಡೂ ಉಪಯೋಗಕ್ಕೆ ಬಂದವು. ಅವರು ಡೆನ್ಮಾರ್ಕಿನವರು. ಫಲಕವಿಲ್ಲದ ಹೋಟೆಲು ಇದೇ ತಾನೇ ಎಂದು ಫೋನು ತೋರಿಸಿದರು. ಪ್ರವಾಸಿಗಳು ತಾವು ಹೋದ ಊರುಗಳ ಬಗ್ಗೆ ಒಬ್ಬರಿಗೊಬ್ಬರು ಬರೆದುಕೊಳ್ಳುವ ಜಾಗ ಅದು. ಎಲ್ಲಿ ಉಣ್ಣಬೇಕು, ಎಲ್ಲಿ ಉಣ್ಣಬಾರದು, ಯಾವ ಚರ್ಚಿನ ಶೌಚಾಲಯ ಚೆನ್ನಾಗಿದೆ. ಅದರಲ್ಲಿ ಇಂಕೊರೊನಾತಳ ಮೇಜಿನ ಚಿತ್ರವಿತ್ತು.

ಬರೆದವನು ಹಾಲೆಂಡಿನವನು. ನಾನು ಮೊದಲು ಒಬ್ಬಳೇ ಓದಿಕೊಂಡು, ಬಹಳ ಚೆನ್ನಾಗಿದೆ ಎಂದು ಬರೆದಿದ್ದಾನೆ ಎಂದೆ.

“ಪೂರ್ತಿ ಓದು. ನುಂಗಬೇಡ.”

ಓದಿದೆ. ನವೆಂಬರಿನ ಮೊದಲ ದಿನ ಈ ಊರಿನಲ್ಲಿ ಎಲ್ಲ ಅಂಗಡಿಗಳೂ ಮುಚ್ಚಿದ್ದವು. ಒಂದು ಓಣಿಯಲ್ಲಿ ದೀಪ ಹಚ್ಚಿ ಬಾಗಿಲು ತೆರೆದಿದ್ದ ಪುಟ್ಟ ಹೋಟೆಲು ಸಿಕ್ಕಿತು. ಮಾಲೀಕರು ಗಿರಾಕಿಗಳಿಗೆ ತೊಂದರೆ ಕೊಡುವುದಿಲ್ಲ, ಕಾಣಿಸುವುದೇ ಇಲ್ಲ. ನನಗಿಂತ ಮೊದಲು ಉಂಡವರೊಬ್ಬರು ತಮ್ಮ ಬಿಳಿ ತಟ್ಟೆಯನ್ನು ತೊಳೆದು ಕವುಚಿಟ್ಟಿದ್ದರು. ಅದೇ ಇಲ್ಲಿಯ ನಿಯಮವಿರಬೇಕೆಂದು ನಾನೂ ಹಾಗೇ ಮಾಡಿದೆ. ಮನಸ್ಸು ತುಂಬಿತು. ಉಪ್ಪು ಕಮ್ಮಿ. ಐದಕ್ಕೆ ನಾಲ್ಕು ನಕ್ಷತ್ರ.

ಇಂಕೊರೊನಾತ ಫೋನನ್ನು ಕೈಗೆ ತೆಗೆದುಕೊಂಡು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಣ್ಣುವ ಮೊದಲು ತೆಗೆದ ಚಿತ್ರ. ಮೇಜಿನ ಮೇಲೆ ನೀಲಿ ಅಂಚಿನ ತಟ್ಟೆ ಒಂದೇ ಇತ್ತು.

“ಹಾಗಾದ್ರೆ ಅತ್ತೆ ಬಂದಿದ್ರು,” ಎಂದಳು ಮೆಲ್ಲಗೆ. “ಉಂಡ್ರು, ತಮ್ಮದು ತೊಳೆದಿಟ್ರು. ಬಾಣಲೆ ನೋಡಲಿಲ್ಲ, ಕತ್ತಲೆ ಇತ್ತೇನೋ. ಇವನು ಎಂದಿನ ಹಾಗೆ ತಡ ಮಾಡಿದ. ಬಂದು ನೋಡಿದ್ರೆ ಅವನ ಜಾಗದಲ್ಲಿ ಯಾರೋ ಕೂತು ಉಣ್ತಾ ಇದಾರೆ.”

ಡೆನ್ಮಾರ್ಕಿನವರು ತಮ್ಮನ್ನೇ ಹೊಗಳುತ್ತಿದ್ದಾಳೆಂದು ತಿಳಿದು ತಲೆಯಾಡಿಸಿದರು.

ಬಿಳಿ ತಟ್ಟೆಯಲ್ಲಿ ಉಂಡವರೂ ಪ್ರವಾಸಿಗಳೇ ಇರಬಹುದಲ್ಲ ಎಂದು ನನಗನ್ನಿಸಿತು. ಪ್ರವಾಸಿಯೋ ಪರಲೋಕವಾಸಿಯೋ, ಆಣೆ ಮಾಡಿ ಹೇಳಲು ನಾನೇನು ಅಲ್ಲಿದ್ದೆನೇ? ಅವಳಿಗಂತೂ ಗಂಡ ಮನ್ನಿಸಿದ ಎಂಬ ಸಮಾಧಾನ ಹೋಗಿ, ಬಂದವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದೆ ಎಂಬ ಹೊಸ ಸಂಕಟ ಸೇರಿಕೊಂಡಿತು. ಮರುದಿನ ತಲೆಯ ಮೇಲೆ ಮತ್ತೆ ಕಪ್ಪು ವಸ್ತ್ರ.

ಬೇಸಿಗೆಯಲ್ಲಿ ಓಣಿಗೆ ಕಾಲಿಡಲು ಎಡೆಯಿಲ್ಲ, ಎಲ್ಲ ಎಡೆಯ ದೆಸೆಯಿಂದ. ಹಾಲೆಂಡಿನವನ ಬರಹದ ಕೆಳಗೆ ಬರಹಗಳು ಬೆಳೆದವು. ನುಂತ್ಸಿಯಾ ದಿನಾ ನನ್ನಿಂದ ಓದಿಸುತ್ತಿದ್ದಳು. ಮಧ್ಯಾಹ್ನ ಹೋಗಿ, ಜನ ಇರುವುದಿಲ್ಲ ಎಂದು ಒಬ್ಬರ ಸಲಹೆ. ಮಧ್ಯಾಹ್ನ ಹೋದೆವು, ಮಾಲಕಿ ಮಂಚದ ಮೇಲೆ ಮಲಗಿದ್ದಳು, ಎಬ್ಬಿಸಿದ್ದಕ್ಕೆ ಚಪ್ಪಲಿ ತೋರಿಸಿದಳು ಎಂದು ಇನ್ನೊಬ್ಬರು. ಅವರು ಒಂದು ನಕ್ಷತ್ರ ಕೊಟ್ಟಿದ್ದರು. ಅದೇ ಚಪ್ಪಲಿಗೆ, ಅಪ್ಪಟ ಸ್ಥಳೀಯ ಅನುಭವವೆಂದು, ಮತ್ತೊಬ್ಬರು ಐದು ಕೊಟ್ಟಿದ್ದರು. ಒಬ್ಬಾಕೆ, ಅಲ್ಲಿ ಮೆನು ಕೇಳಬೇಡಿ, ಸುಮ್ಮನೆ ಕೂತರೆ ಫೋಟೋ ಆಲ್ಬಂ ತರುತ್ತಾರೆ, ಅದನ್ನು ಮೆಚ್ಚಿದ ಮೇಲೆ ಅವರೆ ಬರುತ್ತದೆ ಎಂದು ಕ್ರಮವನ್ನು ವಿವರಿಸಿದ್ದಳು. ಎಲ್ಲರೂ ಒಪ್ಪಿದ್ದು ಉಪ್ಪಿನ ವಿಷಯವೊಂದನ್ನೇ.

ಇಂಕೊರೊನಾತಳಿಗೆ ಇದರ ತಲೆಬುಡ ಹತ್ತಲಿಲ್ಲ. ಹಸಿದವರಂತೆ ಕಂಡವರಿಗೆ ಬಡಿಸಿದಳು, ಹೊಟ್ಟೆ ತುಂಬಿದವರಂತೆ ಕಂಡವರನ್ನು ಬಾರಿಗೆ ಅಟ್ಟಿದಳು. ಬಾರಿನವನು ಫಲಕ ಹಾಕಿಸು ಎಂದ. ಏನಂತ ಹಾಕಿಸಲಿ, ಸತ್ತವರ ಊಟ ಇಲ್ಲಿ ಸಿಗುತ್ತೆ ಅಂತಲಾ ಎಂದು ಕೇಳಿದಳು.

ನವೆಂಬರ್ ಬಂತು. ಆ ಸಂಜೆ ಬಾಗಿಲಿಗೆ ಬೋಲ್ಟು ಹಾಕಲೇಬೇಕೆಂದು ಓಣಿಯೆಲ್ಲ ಹೇಳಿತು. ಇಲ್ಲದಿದ್ದರೆ ಪೊತೀತೊ ಈ ಸಲವೂ ಸರದಿಯಲ್ಲಿ ನಿಲ್ಲಬೇಕಾದೀತು. ಆತ್ಮಗಳಿಗೆ ಬಾಗಿಲಿನ ಹಂಗಿಲ್ಲ ಎಂದು ದೋನ್ ಸವೇರಿಯೊ ಕೂಡ ಧೈರ್ಯ ಹೇಳಿದರು.

“ಅವನು ಬದುಕಿದ್ದಾಗ ಸಕ್ಕರೆ ಡಬ್ಬಿ ಮುಚ್ಚಳ ತೆಗೆಯೋಕೂ ನನ್ನೇ ಕರೀತಿದ್ದ, ಫಾದರ್. ಬೋಲ್ಟು ಹಾಕಿದ ಬಾಗಿಲು ಅವನ ಕೈಲಿ ಆಗುತ್ತಾ ಹೇಳಿ?”

ಬಾಗಿಲು ತೆರೆದೇ ಇತ್ತು. ಅವಳು ಈ ಸಲ ಮೂರು ತಟ್ಟೆ ಇಟ್ಟಳು. ಬಾಗಿಲ ಹತ್ತಿರದ್ದು ದಾರಿಹೋಕರಿಗೆ, ನಡುವಿನದು ಅತ್ತೆಗೆ, ಕಿಟಕಿಯ ಪಕ್ಕದ್ದು ಅವನಿಗೆ. ಅವರೆಗೆ ಉಪ್ಪು ಸರಿಯಾಗಿ ಹಾಕಿದಳು. ಕಹಿಸೊಪ್ಪನ್ನೂ ಹಾಕಿದಳು, ಅವನು ಜೀವಮಾನದಲ್ಲಿ ಅದನ್ನು ಬದಿಗೆ ತಳ್ಳದೆ ಉಂಡವನಲ್ಲವಾದರೂ.

ಬೆಳಿಗ್ಗೆ ಅವಳು, ನುಂತ್ಸಿಯಾ, ನಾನು ಮೂವರೂ ಒಟ್ಟಿಗೆ ಹೋದೆವು. ಎರಡು ತಟ್ಟೆ ತೊಳೆದು ಕವುಚಿಟ್ಟಿದ್ದವು. ನೀಲಿ ಅಂಚಿನದು ಕಿಟಕಿಯ ಪಕ್ಕ ಮೇಜಿನ ಮೇಲೆಯೇ ಇತ್ತು, ಉಂಡು ಬಿಟ್ಟದ್ದು. ಅವರೆ ಒಣಗಿ ಅಂಟಿತ್ತು. ಸೊಪ್ಪೆಲ್ಲ ಒಂದು ಬದಿಗೆ. ರೊಟ್ಟಿಯ ಅಂಚು ವೈನಿನ ಲೋಟದೊಳಗೆ. ಕುರ್ಚಿ ಹಿಂದಕ್ಕೆ ದೂಡಿತ್ತು, ಕೈವಸ್ತ್ರ ನೆಲದ ಮೇಲಿತ್ತು.

ಎಷ್ಟು ಜನ ಬಂದಿದ್ದರು? ಸೋಮಾರಿ ಪ್ರವಾಸಿಯೊಬ್ಬ ಇರಬಾರದೇ? ಲೋಕದಲ್ಲಿ ಸೊಪ್ಪು ತಿನ್ನದವನು ಪೊತೀತೊ ಒಬ್ಬನೇ ಏನು? ನನ್ನ ತಲೆಯಲ್ಲಿ ಇವೆಲ್ಲ ಒಟ್ಟಿಗೆ ತಿರುಗುತ್ತಿದ್ದವು. ನುಂತ್ಸಿಯಾ ಅಭ್ಯಾಸಬಲದಿಂದ ಆ ತಟ್ಟೆಗೆ ಕೈ ಚಾಚಿದಳು. ಇಂಕೊರೊನಾತ ಅವಳ ಮಣಿಕಟ್ಟು ಹಿಡಿದಳು.

“ಬಿಡು ಕೊಮ್ಮಾ. ಅದು ನಾನು ತೊಳೆಯೋ ತಟ್ಟೆ.”

ನಲ್ಲಿ ಬಿಟ್ಟಳು. ನೀರು ಬಿಸಿಯಾಗುವವರೆಗೆ ಕಾದಳು. ಸೊಪ್ಪನ್ನು ಬೆರಳಲ್ಲಿ ಬಳಿದು ತೆಗೆದಳು. “ಸತ್ತ್ಮೇಲಾದ್ರೂ ಸೊಪ್ಪು ತಿನ್ನಬಾರದಾ,” ಎಂದು ನಲವತ್ತು ವರ್ಷ ನಾವು ಗೋಡೆಯಾಚೆಯಿಂದ ಕೇಳಿದ ಅದೇ ದನಿಯಲ್ಲಿ ಗೊಣಗಿದಳು. ಬಹಳ ಹೊತ್ತು ತೊಳೆದಳು, ಅಷ್ಟು ಹೊತ್ತು ಬೇಕಾಗುವ ಕೊಳೆ ಅದರಲ್ಲಿರಲಿಲ್ಲ.

ಹಾಲೆಂಡಿನವನ ಬರಹದ ಕೆಳಗೆ ಆ ವಾರ ಹೊಸದೇನಾದರೂ ಬಂದಿದೆಯೇ ನೋಡು ಎಂದು ನುಂತ್ಸಿಯಾ ನನ್ನನ್ನು ಪೀಡಿಸುತ್ತಲೇ ಇದ್ದಾಳೆ. ಕನ್ನಡಕ ಎಲ್ಲಿಟ್ಟಿದ್ದೇನೋ ಮರೆತಿದೆ ಎಂದು ಹೇಳಿದ್ದೇನೆ.