ಪಾರಿವಾಳ ಉರು ಹೊಡೆದ ಪಟ್ಟಿ

ನಮ್ಮ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ನಾಲ್ಕು ಪಾರಿವಾಳಗಳಿವೆ. ಹದಿನಾರು ವರ್ಷದಿಂದ ಆ ಕೋಣೆಯ ಗೂಡು ತೊಳೆದು, ಕಾಳು ಹಾಕಿ, ಯಾವ ಹಕ್ಕಿ ಮುನಿಸಿಕೊಂಡಿದೆ ಎಂದು ಬಾಗಿಲಿನಿಂದಲೇ ಹೇಳುವವರು ಅಕ್ಕ. ಎಲ್ಲರಿಗೂ ಅವರು ಅಕ್ಕನೇ.

ನಾನು ವಿಜ್ಞಾನ ಓದಿದವನು. ಹೆಚ್ಚು ಯಾವುದು, ಕಡಿಮೆ ಯಾವುದು ಎಂದು ಹಕ್ಕಿಗೆ ತಿಳಿಯುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಚುಕ್ಕೆ ಬರೆದ ಎರಡು ರಟ್ಟುಗಳನ್ನು ಎಡಕ್ಕೊಂದು ಬಲಕ್ಕೊಂದು ಇಡುತ್ತೇನೆ. ಹೆಚ್ಚು ಚುಕ್ಕೆಯಿರುವುದನ್ನು ಕುಕ್ಕಿದರೆ ಕಾಳು. ದಿನಕ್ಕೆ ಇಪ್ಪತ್ತು ಸಲ. ಹೆಚ್ಚಿನದು ಯಾವ ಕಡೆ ಬರಬೇಕೆಂದು ಚೀಟಿ ಎತ್ತಿ ಪಟ್ಟಿ ಮಾಡಿದ್ದೆ. ಹಿಕ್ಕೆ ಬಿದ್ದು ಹಾಳಾಗದಿರಲೆಂದು ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಅಂಟಿಸಿ, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆರು ತಿಂಗಳಲ್ಲಿ ಬೂದು ಹಕ್ಕಿ ಇಪ್ಪತ್ತಕ್ಕೆ ಹತ್ತೊಂಬತ್ತು ಸರಿ ಮಾಡತೊಡಗಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫಲಿತಾಂಶ ಚೆನ್ನಾಗಿದ್ದರೆ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಅದು ಗಾಜಿನ ಸಾಮಾನಿನ ಉಗ್ರಾಣ, ಅಕ್ಕನ ಕೆಲಸವೂ ಅಲ್ಲಿಗೆ ಮುಗಿಯಿತು ಎಂದು ಮುಖ್ಯಸ್ಥರು ಮೊದಲೇ ಹೇಳಿದ್ದರು. ಅದು ಅಕ್ಕನಿಗೂ ಗೊತ್ತಿತ್ತು.

ವರದಿ ಕಳಿಸುವ ಹಿಂದಿನ ದಿನ ನಾನು ಹಕ್ಕಿಯ ಮುಂದೆ ರಟ್ಟು ಇಡುತ್ತಿದ್ದಾಗ, ನೆಲ ಒರೆಸುತ್ತಿದ್ದ ಅಕ್ಕ ರಟ್ಟುಗಳಿಗೆ ಬೆನ್ನು ಹಾಕಿ ಕೇಳಿದರು.

“ಸರ್, ಈಗ ಬಲಗಡೆ ಅಲ್ವಾ?”

ನೋಡಿದೆ. ಬಲಗಡೆಯೇ.

“ಆಮೇಲೆ ಎರಡು ಸಲ ಎಡ, ಮತ್ತೆ ಬಲ. ಚುಕ್ಕೆ ನಾನು ನೋಡೇ ಇಲ್ಲ. ದಿನಾ ಅದೇ ಸಾಲು, ಬಾಯಿಪಾಠ ಆಗಿಹೋಗಿದೆ. ನನಗೇ ಬಂತು ಅಂದ್ರೆ, ಕಾಳಿನ ಆಸೆ ಇರೋ ಅದಕ್ಕೆ ಬರಲ್ವಾ?”

ಎಡಬಲ ಅದಲುಬದಲು ಮಾಡಿದೆ. ಬೂದು ಹಕ್ಕಿ ಚುಕ್ಕೆಯ ಕಡೆ ಕಣ್ಣೂ ಹಾಯಿಸದೆ ಹಳೆಯ ಪಟ್ಟಿಯ ಪ್ರಕಾರ ಟಕಟಕ ಕುಕ್ಕುತ್ತಾ ಹೋಯಿತು. ಆರು ತಿಂಗಳಿಂದ ಗಣಿತ ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ, ಕಲಿಸಿದ್ದು ಉರು ಹೊಡೆಯುವುದನ್ನು. ಅದು ನನಗೂ ಶಾಲೆಯಲ್ಲಿ ಚೆನ್ನಾಗಿ ಬರುತ್ತಿದ್ದ ವಿದ್ಯೆಯೇ.

ಸುಮ್ಮನಿದ್ದಿದ್ದರೆ ನಿಮ್ಮ ಕೆಲಸ ಉಳಿಯುತ್ತಿತ್ತಲ್ಲ ಎಂದೆ. ಅಕ್ಕ ಬಟ್ಟೆ ಹಿಂಡಿದರು.

“ಹದಿನಾರು ವರ್ಷ ಇವುಗಳ ಹಿಕ್ಕೆ ಬಳಿದಿದ್ದೀನಿ ಸರ್. ಇವಕ್ಕೆ ಸುಳ್ಳು ಹೆಸರು ಬರೋದು ಬೇಡ.”

ಮುಖ್ಯಸ್ಥರ ಮುಂದೆ ಕೈಕಟ್ಟಿ ನಿಂತು ಇನ್ನೆರಡು ವಾರದ ಸಮಯ ಕೇಳಿಕೊಂಡೆ. ದಿನಕ್ಕೊಂದು ಹೊಸ ಪಟ್ಟಿ ಮಾಡಿ ಮೊದಲಿನಿಂದ ಶುರು ಮಾಡಿದೆ. ಮೊದಲ ನಾಲ್ಕು ದಿನ ಬೂದು ಹಕ್ಕಿಗೆ ನನ್ನಷ್ಟೇ ಗೊಂದಲ. ಆಮೇಲೆ ಅದು ರಟ್ಟುಗಳ ಮುಂದೆ ಕತ್ತು ಓರೆ ಮಾಡಿ ನಿಲ್ಲತೊಡಗಿತು. ಕೊನೆಯ ಹತ್ತು ದಿನದ ಲೆಕ್ಕ ಇಪ್ಪತ್ತಕ್ಕೆ ಹದಿನಾಲ್ಕರ ಆಸುಪಾಸು: ಕುರುಡು ಊಹೆಗಿಂತ ಖಂಡಿತ ಹೆಚ್ಚು, ನನ್ನ ಜಂಬಕ್ಕಿಂತ ಬಹಳ ಕಡಿಮೆ. ತಪ್ಪು ನನ್ನದು, ಹಿಡಿದವರು ಅಕ್ಕ ಎಂದು ವರದಿಯಲ್ಲಿ ಬರೆದೆ.

ಕೋಣೆ ಇನ್ನೊಂದು ವರ್ಷ ಉಳಿಯಿತು. ಮುಖ್ಯಸ್ಥರ ಷರತ್ತು ಒಂದೇ: ದಿನಾ ಚೀಟಿಯನ್ನು ಅಕ್ಕನೇ ಎತ್ತಬೇಕು, ನಾನು ಮುಟ್ಟಕೂಡದು. ಆ ಹೊತ್ತಿಗೆ ಅಕ್ಕ ನನ್ನನ್ನು ಹೊರಗೆ ಕಳಿಸುತ್ತಾರೆ. ಸುಮ್ಮನೆ ಯಾಕೆ ನಿಲ್ಲಲಿ ಎಂದು ಗೂಡಿನ ತಟ್ಟೆ ತೊಳೆಯುತ್ತೇನೆ. ಅದೂ ನನಗೆ ಸರಿಯಾಗಿ ಬರುವುದಿಲ್ಲವಂತೆ.