ಬೆನ್ನು ಸೀಳಿದ ಕೋಟು
ಲಿವರ್‌ಪೂಲಿನ ಹಡಗುಕಟ್ಟೆಯ ಹಿಂದಿನ ಓಣಿಯಲ್ಲಿ ಫೋಟೋ ತೆಗೆಯುವ ವಿಧವೆ ಟಾಬಿತಾ ಪ್ರೌಟ್‌ಳ ಅಂಗಡಿಗೆ ಬರುವ ಹಮಾಲರೆಲ್ಲ ಒಂದೇ ಕರಿಕೋಟಿನಲ್ಲಿ ದೊಡ್ಡಮನುಷ್ಯರಾಗುತ್ತಾರೆ. ಯಾವ ಮೈಗೂ ಹೊಂದಲೆಂದು ಅವಳೇ ಅದರ ಬೆನ್ನು ಸೀಳಿದ್ದಾಳೆ. ಹಿಂದಿನಿಂದ ಪಿನ್ನು ಚುಚ್ಚಿ ಕೂರಿಸುತ್ತಾಳೆ. "ಮುಂದೆ ಸಾಹುಕಾರ, ಹಿಂದೆ ಹಮಾಲ! ಬೆನ್ನು ಮಾತ್ರ ತೋರಿಸ್ಬೇಡಪ್ಪಾ. ಕೈ ಮಡಚ್ಕೋ, ಉಗುರಲ್ಲಿ ಕಲ್ಲಿದ್ದಲು ಕಾಣ್ತಿದೆ," ಎನ್ನುವುದು ಅವಳ ದಿನದ ಮಾತು. ಆಮೇಲೆ ಗಿರಾಕಿಯ ತಲೆಯನ್ನು ಕಬ್ಬಿಣದ ಕವೆಗೆ ಆನಿಸಿ, "ಅಲುಗಾಡಿದ್ರೆ ಮುಖ ಹೊಗೆಯಾಗೋಗುತ್ತೆ," ಎಂದು ಗದರಿ ಹತ್ತು ಎಣಿಸುತ್ತಾಳೆ. ಚಿತ್ರ ಮೂಡುವುದು ಗಾಜಿನ ಹಲಗೆಯ ಮೇಲೆ; ಕೆಟ್ಟ ಗಾಜನ್ನು ಅಂದೇ ತೊಳೆದು ಮತ್ತೆ ಬಳಸುತ್ತಾಳೆ. "ಕೋಟು ಯಾವ ಸಾಹೇಬರದಮ್ಮಾ?" ಎಂದು ಕೇಳಿದರೆ, "ನಮ್ಮನೆಯವರದ್ದು," ಎಂದು ಪಿನ್ನು ಕಚ್ಚಿದ ಬಾಯಲ್ಲೇ ಹೇಳುತ್ತಾಳೆ. ಅವಳ ಗಂಡ ಎನಕ್ ಪ್ರೌಟ್ ಓಣಿಯವರ ಮುಖವನ್ನೆಲ್ಲ ಗಾಜಿಗೆ ಇಳಿಸಿದವನು. "ನಂದು ಯಾವಾಗಾದ್ರೂ ಆಯ್ತು ಬಿಡೇ," ಎನ್ನುತ್ತ ಒಮ್ಮೆಯೂ ಕ್ಯಾಮೆರಾದ ಮುಂದೆ ಕೂರದೆ ಸತ್ತ. ಅವನ ಕೋಟಿಗೆ ಸಾವಿರ ಚಿತ್ರಗಳಿವೆ, ಅವನಿಗೆ ಒಂದೂ ಇಲ್ಲ. ಅವನ ಹುಬ್ಬು ಹೇಗಿತ್ತೆಂಬುದು ಈಚೆಗೆ ಅವಳಿಗೆ ಮರೆಯುತ್ತಿದೆ. ಕಳೆದ ಚಳಿಗಾಲ ಎನಕ್‌ನಷ್ಟೇ ಅಗಲ ಭುಜದ ಹಮಾಲನೊಬ್ಬ ಏಳನೆಯ ಎಣಿಕೆಗೆ ಹಡಗಿನ ಕೂಗು ಕೇಳಿ ಕತ್ತು ತಿರುಗಿಸಿಬಿಟ್ಟ. ಕೋಟು ನಿಚ್ಚಳವಾಗಿ ಮೂಡಿತು, ಮುಖ ಹೊಗೆಯಾಯಿತು. "ಹಡಗು ನಿನ್ನ ಬಿಟ್ಟು ಓಡೋಗುತ್ತೇನೋ?" ಎಂದು ಬೈದು, ಅವನಿಗೆ ಇನ್ನೊಂದು ತೆಗೆದುಕೊಟ್ಟಳು. ಆ ಕೆಟ್ಟ ಗಾಜನ್ನು ಅವಳು ಇನ್ನೂ ತೊಳೆದಿಲ್ಲ; ಅದು ಅವಳ ಹಾಸಿಗೆಯ ಪಕ್ಕದಲ್ಲಿದೆ.